ಗುಜರಿ ವ್ಯಾಕ್ಯೂಮ್ ಕ್ಲೀನರ್ ಮತ್ತು ಕತ್ತರಿಸಿದ ಹಸಿರು ವೈರು

ಭಾಗ 1

ಮೊದಲ ಫೋಟೊದಲ್ಲಿರೋ ಈ ಡೊಳ್ಳು ಹೊಟ್ಟೆಯ ಸ್ಟೀಲ್ ಡ್ರಮ್ಮನ್ನು ಶಿವಮೊಗ್ಗದ ಒಂದು ಗುಜರಿ ಅಂಗಡಿಯಿಂದ 1,400 ರೂಪಾಯಿಗೆ ತಂದೆ. ವರ್ಕ್‌ಶಾಪಿನ ವ್ಯಾಕ್ಯೂಮ್ ಕ್ಲೀನರ್, ಒದ್ದೆ ಒಣ ಎರಡನ್ನೂ ಎಳೆಯುವ ಜಾತಿ, 1200 ವ್ಯಾಟ್. ಅಂಗಡಿಯವರು ಪ್ಲಗ್ ಹಾಕಿ ತೋರಿಸಲಿಲ್ಲ. "ಮೋಟರ್ ಚೆನ್ನಾಗಿದೆ, ಸ್ವಲ್ಪ ವೈರ್ ಪ್ರಾಬ್ಲಂ" ಅಂದ್ರು ಅಷ್ಟೇ. ಗುಜರಿ ಭಾಷೆಯಲ್ಲಿ ಇದಕ್ಕೆ 'ಇನ್ನು ನಿನ್ನ ಹಣೆಬರಹ' ಅಂತ ಅರ್ಥ.

ಬೇಕಾಗಿದ್ದು ನಂಗಲ್ಲ, ಮಾವನಿಗೆ. ಮಾವಂದು ಮರಗೆಲಸದ ಶೆಡ್ಡು. ಗರಗಸ, ರೂಟರ್, ಸ್ಯಾಂಡರ್ ಮೂರೂ ಒಟ್ಟಿಗೆ ಓಡಿದ ದಿನ ಒಳಗೆ ಹೋದ್ರೆ ಎದುರಿಗಿರೋರ ಮುಖ ಕಾಣಲ್ಲ. ಎರಡು ವರ್ಷದಿಂದ ಒಣ ಕೆಮ್ಮು. ಡಾಕ್ಟರು ಧೂಳು ಬಿಡಿ ಅಂದ್ರು. ಮರಗೆಲಸದವನಿಗೆ ಧೂಳು ಬಿಡು ಅಂದ್ರೆ ಮೀನುಗಾರನಿಗೆ ನೀರು ಬಿಡು ಅಂದ ಹಾಗೆ. ಮೂಗಿಗೆ ಟವೆಲ್ ಕಟ್ಕೊಂಡು ಕೆಲಸ ಮುಂದುವರಿಸಿದ್ರು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದ್ತಿರೋನು, ಹಳೇದು ತಂದು ರಿಪೇರಿ ಮಾಡ್ಕೊಡ್ತೀನಿ ಅಂತ ಜಂಬದಿಂದ ಹೇಳಿದ್ದೆ. ಆ ಜಂಬ ಎಲ್ಲಿಗೆ ಹೋಯ್ತು ಅನ್ನೋದು ಭಾಗ 5ರಲ್ಲಿದೆ.

ಅದಕ್ಕೂ ಮೊದಲು ಇನ್ನೊಬ್ಬ ಕೆಮ್ಮುವ ಮನುಷ್ಯನ ವಿಷಯ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬ ಇದ್ದ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ರಾತ್ರಿ ಕಸ ಗುಡಿಸುವ ಕೆಲಸ. ಅವನಿಗೆ ಉಬ್ಬಸ. ಕಾರ್ಪೆಟ್ ಗುಡಿಸಿದಷ್ಟೂ ಧೂಳು ಎದ್ದು ಉಸಿರು ಕಟ್ಟೋದು. 1907ರ ಹೊತ್ತಿಗೆ ಅವನು ಫ್ಯಾನಿನ ಮೋಟರ್ ತಗೊಂಡು, ಒಂದು ಪೆಟ್ಟಿಗೆಗೆ ಕೂರಿಸಿ, ಪೊರಕೆ ಹಿಡಿ ಸಿಕ್ಕಿಸಿ, ಹಿಂದೆ ಧೂಳು ಹಿಡಿಯೋಕೆ ದಿಂಬಿನ ಚೀಲ ಕಟ್ಟಿದ. ಕೈಯಲ್ಲಿ ಹಿಡಿದು ತಳ್ಳಿಕೊಂಡು ಹೋಗುವ ಕರೆಂಟಿನ ವ್ಯಾಕ್ಯೂಮ್ ಕ್ಲೀನರ್ ಮನೆಮನೆಗೆ ಹೋಗಿದ್ದು ಈ ದಿಂಬಿನ ಚೀಲದಿಂದ. 1908ರ ಜೂನ್ 2ಕ್ಕೆ ಪೇಟೆಂಟ್ ಸಿಕ್ತು. ದುಡ್ಡಿರಲಿಲ್ಲ. ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್ ಅದನ್ನು ಕೊಂಡುಕೊಂಡ. ಮುಂದೆ ಇಂಗ್ಲೆಂಡಿನಲ್ಲಿ ವ್ಯಾಕ್ಯೂಮ್ ಮಾಡೋದಕ್ಕೇ 'ಹೂವರ್ ಮಾಡೋದು' ಅನ್ನೋ ಮಾತು ಬಂತು. ಸ್ಪ್ಯಾಂಗ್ಲರ್ ಹೆಸರಲ್ಲಿ ಯಾವ ಮಾತೂ ಹುಟ್ಟಲಿಲ್ಲ.

ಭಾಗ 2

ಸ್ಪ್ಯಾಂಗ್ಲರ್‌ಗಿಂತ ಮುಂಚೆ ಒಬ್ಬ ಇಂಗ್ಲಿಷ್ ಎಂಜಿನಿಯರ್. ಹ್ಯೂಬರ್ಟ್ ಸೆಸಿಲ್ ಬೂತ್. ಸೇತುವೆ, ಜೈಂಟ್ ವೀಲ್ ಕಟ್ಟೋ ಮನುಷ್ಯ. ವಿಯೆನ್ನಾದಲ್ಲಿ ಇವತ್ತಿಗೂ ತಿರುಗ್ತಿರೋ ದೊಡ್ಡ ಚಕ್ರದ ಕೆಲಸದಲ್ಲೂ ಅವನ ಕೈ ಇದೆ. 1901ರಲ್ಲಿ ಲಂಡನ್ನಿನಲ್ಲಿ ಹೊಸ ಧೂಳಿನ ಯಂತ್ರದ ಪ್ರದರ್ಶನ ನೋಡೋಕೆ ಹೋದ. ಆ ಯಂತ್ರ ಗಾಳಿಯನ್ನು ಊದಿ ಧೂಳು ಎಬ್ಬಿಸ್ತಿತ್ತು. ಎದ್ದ ಧೂಳು ಪೆಟ್ಟಿಗೆಗೆ ಬೀಳಲಿ ಅನ್ನೋದು ಅವರ ಆಸೆ, ಅರ್ಧ ಧೂಳು ವಾಪಸ್ ಅಲ್ಲೇ ಕೂರ್ತಿತ್ತು. ಊದೋ ಬದಲು ಎಳೆದ್ರೆ ಆಗಲ್ವಾ ಅಂತ ಬೂತ್ ಕೇಳಿದ. ಸಾಧ್ಯವೇ ಇಲ್ಲ ಅಂತ ಉತ್ತರ ಬಂತು.

ಆಮೇಲೆ ಬೂತ್ ಮಾಡಿದ ಪ್ರಯೋಗ ನಂಗೆ ತುಂಬಾ ಇಷ್ಟ. ರೆಸ್ಟೊರೆಂಟ್‌ನಲ್ಲಿ ಕುರ್ಚಿಯ ಮೆತ್ತೆ ಮೇಲೆ ಕರವಸ್ತ್ರ ಇಟ್ಟು, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಎಳೆದ. ಕೆಮ್ಮು ಬಂತು. ಕರವಸ್ತ್ರ ತಿರುಗಿಸಿ ನೋಡಿದ್ರೆ ಧೂಳಿನ ಕಪ್ಪು ಮಚ್ಚೆ. ಬಟ್ಟೆ ಧೂಳನ್ನು ತಡೆಯುತ್ತೆ, ಗಾಳಿಯನ್ನು ಬಿಡುತ್ತೆ. ನಮ್ಮ ಗುಜರಿ ಡ್ರಮ್ಮಿನೊಳಗಿರೋ ಬಟ್ಟೆ ಫಿಲ್ಟರ್ ಕೂಡ ಅದೇ ಕರವಸ್ತ್ರವೇ.

ಅವನ ಯಂತ್ರ ಕೈಯಲ್ಲಿ ಹಿಡಿಯುವಂಥದ್ದಲ್ಲ. ಕುದುರೆ ಗಾಡಿ ಮೇಲೆ ಪೆಟ್ರೋಲ್ ಎಂಜಿನ್ನು, ಪಂಪು. ಗಾಡಿ ಬೀದಿಯಲ್ಲಿ ನಿಲ್ಲಿಸಿ, ಉದ್ದದ ಪೈಪುಗಳನ್ನು ಕಿಟಕಿಯಿಂದ ಮನೆಯೊಳಗೆ ಬಿಟ್ಟು ಗುಡಿಸೋದು. ಸದ್ದಿಗೆ ಬೀದಿಯ ಕುದುರೆಗಳು ಬೆದರ್ತಿದ್ದವು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಗುಡಿಸೋಕೆ ಕರೆಸಿದ್ರು. ಅಲ್ಲಿಂದ ಅವನ ಹೆಸರು ಎದ್ದಿತು.

ಪೆಟ್ರೋಲ್ ಯಾಕೆ ಅಂದ್ರೆ, ಆಗ ಹೆಚ್ಚಿನ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ನಮ್ಮ ಕಡೆ ನೋಡಿ: ಅದೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಚಿನ್ನ ತೆಗೆಯೋಕೆ ಮೊದಲು, ಮನುಷ್ಯರು ದಾರಿ ನೋಡೋಕೆ ಆಮೇಲೆ! ಇದು ಪರೀಕ್ಷೆಗೆ ಬರಲ್ಲ, ಆದ್ರೂ ನೆನಪಿಟ್ಕೊಳ್ಳಿ.

ಇನ್ನೊಂದು ಮಾತು. ಹೆಸರಿಗಷ್ಟೇ 'ವ್ಯಾಕ್ಯೂಮ್'. ನನ್ನ ಡ್ರಮ್ಮಿನ ಮೇಲೆ 18 ಕಿಲೋಪ್ಯಾಸ್ಕಲ್ ಅಂತ ಬರೆದಿದೆ. ಹೊರಗಿನ ಗಾಳಿಯ ಒತ್ತಡ ಸುಮಾರು 101. ಅಂದ್ರೆ ಐದರಲ್ಲಿ ಒಂದು ಪಾಲೂ ಕಡಿಮೆ ಆಗಿಲ್ಲ, ಶೂನ್ಯದ ಮಾತು ದೂರವೇ ಉಳಿಯಿತು.

ಭಾಗ 3

ಕೆಲಸಕ್ಕೆ ಬರೋಣ. ಪ್ಲಗ್ ಹಾಕಿದೆ, ಸ್ವಿಚ್ ಒತ್ತಿದೆ. ಸದ್ದಿಲ್ಲ, ವಾಸನೆಯಿಲ್ಲ, ಏನೂ ಇಲ್ಲ. ಇದು ಒಳ್ಳೇ ಲಕ್ಷಣ ಕಣ್ರೋ. ಸುಟ್ಟ ಮೋಟರ್ ಏನಾದ್ರೂ ಹೇಳುತ್ತೆ. ಫ್ಯೂಸ್ ಹಾರಿಸುತ್ತೆ ಇಲ್ಲಾ ಹೊಗೆ ಬಿಡುತ್ತೆ. ಪೂರ್ತಿ ಮೌನ ಅಂದ್ರೆ ಎಲ್ಲೋ ದಾರಿ ಕಡಿದಿದೆ.

ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ (ಇದನ್ನು ನೂರು ಸಲ ಬರೀತೀನಿ, ಬೈಕೊಳ್ಳಿ). ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ ಪ್ಲಗ್ಗಿನ ಒಂದು ಪಿನ್ನಿನಿಂದ ಸ್ವಿಚ್ಚಿನವರೆಗೆ ನೋಡಿದೆ. ಬೀಪ್ ಇಲ್ಲ. ವೈರು ಡ್ರಮ್ಮಿನ ತಲೆಯೊಳಗೆ ಹೋಗೋ ಜಾಗದಲ್ಲಿ ರಬ್ಬರ್ ಬುಡ ಇದೆಯಲ್ಲ, ಅಲ್ಲಿ ಹಿಡಿದು ಅಲುಗಾಡಿಸಿದ್ರೆ ಬೀಪ್, ಬಿಟ್ರೆ ಮೌನ. ಸಿಕ್ತು ಕಳ್ಳ. ಹಳೇ ಮಷೀನನ್ನು ಎಲ್ಲರೂ ವೈರು ಹಿಡಿದೇ ಎಳ್ಕೊಂಡು ಹೋಗ್ತಾರೆ, ಬುಡದಲ್ಲಿ ಮಡಚಿ ಮಡಚಿ ಒಳಗಿನ ತಾಮ್ರದ ಎಳೆ ತುಂಡಾಗುತ್ತೆ. ಹೊರಗಿನ ಸಿಪ್ಪೆ ಚೆನ್ನಾಗೇ ಕಾಣ್ತಿರುತ್ತೆ.

ಈ ಮೀಟರಿಗೂ ಒಬ್ಬ ಸಿಟ್ಟಿನ ಮನುಷ್ಯ ಕಾರಣ. ಡೊನಾಲ್ಡ್ ಮೆಕಾಡಿ, ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್. ಟೆಲಿಫೋನ್ ಲೈನು ಆಗ ಅಂಚೆಯವರ ಕೈಲೇ ಇತ್ತು. ವೋಲ್ಟಿಗೊಂದು, ಆಂಪಿಯರ್‌ಗೊಂದು, ಓಮ್‌ಗೊಂದು ಪೆಟ್ಟಿಗೆ ಹೊತ್ತು ತಿರುಗಿ ಬೇಸತ್ತು, ಮೂರನ್ನೂ ಒಂದರಲ್ಲಿ ಸೇರಿಸಿದ. 1923ರಲ್ಲಿ ಅದು ಮಾರುಕಟ್ಟೆಗೆ ಬಂತು: ಆವೊಮೀಟರ್. ಆಂಪಿಯರ್, ವೋಲ್ಟ್, ಓಮ್ ಮೂರರ ಮೊದಲಕ್ಷರ ಸೇರಿದ ಹೆಸರು. ಹಳೇ ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಕಪ್ಪು ಡಬ್ಬಿ, ಮುಳ್ಳು ಇರೋ ಭಾರದ ಮೀಟರ್ ಕಂಡ್ರೆ ಅದರ ವಂಶದ್ದೇ ಇರಬಹುದು, ಒಮ್ಮೆ ಎತ್ತಿ ನೋಡಿ.

ವೈರಿನ ತುಂಡಾದ ತುದಿ ಕತ್ತರಿಸಿ ಬಿಸಾಕಿ, ತಲೆ ಬಿಚ್ಚಿ, ಕಂದು ಮತ್ತು ನೀಲಿ ವೈರುಗಳನ್ನು ಹೊಸದಾಗಿ ಜೋಡಿಸಿದೆ. ಮೂರನೇದು ಹಸಿರು-ಹಳದಿ. ಅದನ್ನು ಮುಂಚಿನ ಮಾಲೀಕ ಒಳಗೇ ಕತ್ತರಿಸಿ, ಮಡಚಿ, ಟೇಪ್ ಸುತ್ತಿಟ್ಟಿದ್ದ. ನೋಡಿದೆ. ಇರಲಿ, ಮಷೀನ್ ಓಡೋಕೆ ಎರಡು ಸಾಕಲ್ಲ ಅಂದ್ಕೊಂಡೆ. ಹಾಗೇ ಮುಚ್ಚಿದೆ.

ಭಾಗ 4

ಅಷ್ಟರಲ್ಲಿ ಮಾವನ ಸ್ನೇಹಿತರು ಒಬ್ಬರು ಬಂದ್ರು. ವೈರಿಂಗ್ ಕೆಲಸದಲ್ಲಿ ಮೂವತ್ತು ವರ್ಷದ ಅನುಭವ. ನೇರ ಪ್ಲಗ್ ಹಾಕ್ಬೇಡ ಅಂತ ತಮ್ಮ ಸೀರೀಸ್ ಬೋರ್ಡ್ ತಂದ್ರು. ಗೊತ್ತಲ್ಲ, 100 ವ್ಯಾಟಿನ ಹಳೇ ಬಲ್ಬನ್ನು ದಾರಿಯಲ್ಲಿ ಕೂರಿಸೋದು. ಒಳಗೆ ಶಾರ್ಟ್ ಇದ್ರೆ ಬಲ್ಬ್ ಉರಿಯುತ್ತೆ, ಫ್ಯೂಸ್ ಉಳಿಯುತ್ತೆ. ಹಾಕಿದ್ರು. ಬಲ್ಬ್ ಝಗ್ ಅಂತ ಪೂರ್ತಿ ಉರೀತು, ಮೋಟರ್ ಕದಲಲಿಲ್ಲ. "ಹೋಗಿದೆ ಕಣಪ್ಪ, ಸುಟ್ಟಿದೆ. ಗುಜರಿಗೇ ವಾಪಸ್ ಹಾಕು."

ಅವರ ಬಗ್ಗೆ ನಂಗೆ ಗೌರವ ಇದೆ, ಆದ್ರೆ ಇಲ್ಲಿ ಬಲ್ಬ್ ಸುಳ್ಳು ಹೇಳ್ತಿತ್ತು. ಪ್ಲಗ್ಗಿನ ಎರಡು ಪಿನ್ ಮಧ್ಯೆ ನಾನು ಅಳೆದಿದ್ದು 5 ಓಮ್. ಉರಿಯುವಾಗ ಬಲ್ಬಿನದು ಸುಮಾರು 530 ಓಮ್. ಹಾಗಾಗಿ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ ಎಲ್ಲವೂ ಬಲ್ಬಿಗೇ ಹೋಗುತ್ತೆ, ಮೋಟರಿಗೆ ಉಳಿಯೋದು ಚೂರುಪಾರು. ಅದು ಹೇಗೆ ತಿರುಗೀತು? ಸಣ್ಣ ಸಾಮಾನಿಗೆ ಈ ಬಲ್ಬ್ ಪರೀಕ್ಷೆ ಚಿನ್ನದಂಥದ್ದು. 1200 ವ್ಯಾಟಿನ ಮೋಟರಿಗೆ ಅದೊಂದನ್ನೇ ನಂಬಿ ತೀರ್ಪು ಕೊಡೋಕಾಗಲ್ಲ.

"5 ಓಮ್ ಅಂದ್ರೆ 46 ಆಂಪಿಯರ್ ಎಳೀಬೇಕಲ್ವೇನೋ? ಅದು ಶಾರ್ಟೇ" ಅಂದ್ರು. ಲೆಕ್ಕ ಸರಿ. 1827ರಲ್ಲಿ ಗಿಯೋರ್ಗ್ ಓಮ್ ತನ್ನ ಪುಸ್ತಕದಲ್ಲಿ ಕೊಟ್ಟ ಲೆಕ್ಕವೇ ಅದು. (ಅವನ ದೇಶದವರೇ ಆಗ ಅದಕ್ಕೆ ಬೆಲೆ ಕೊಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿದ್ದು 1841ರಲ್ಲಿ.) ಆದ್ರೆ ಅದು ನಿಂತ ಮೋಟರಿನ ಲೆಕ್ಕ. ತಿರುಗೋಕೆ ಶುರು ಮಾಡಿದ ಮೋಟರ್ ತಾನೇ ಒಂದು ಜನರೇಟರ್ ಆಗಿ, ಬರೋ ಕರೆಂಟಿಗೆ ಎದುರು ತಳ್ಳುತ್ತೆ. ಸೇಂಟ್ ಪೀಟರ್ಸ್‌ಬರ್ಗಿನ ಲೆನ್ಜ್ 1834ರಲ್ಲಿ ಹೇಳಿದ ನಿಯಮದ ಫಲ ಇದು, ಬ್ಯಾಕ್ ಇಎಂಎಫ್. ಮೇಲೆ ಕಾಯಿಲ್ಲಿನ ರಿಯಾಕ್ಟೆನ್ಸೂ ಒಂದಿಷ್ಟು. ಅದಕ್ಕೇ ಶುರುವಿನ ಒಂದು ಕ್ಷಣ ಜೋರಾಗಿ ಎಳೆದು, ವೇಗ ಹಿಡಿದ ಮೇಲೆ ಐದು ಆಂಪಿಯರ್ ಚಿಲ್ಲರೆಗೆ ಬಂದು ನಿಲ್ಲುತ್ತೆ. ಬಾಡಿಗೆ ತಾಗಿದ ಶಾರ್ಟ್ ಇದ್ಯಾ ಅಂತ ಅವರ ಬಲ್ಬಲ್ಲೇ ಫೇಸಿನಿಂದ ಡ್ರಮ್ಮಿಗೆ ನೋಡಿದ್ವಿ. ಉರೀಲಿಲ್ಲ. ಇಲ್ಲೂ ಬಲ್ಬ್ ಪೂರ್ತಿ ಸತ್ಯ ಹೇಳಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ನೇರ ಪ್ಲಗ್ ಹಾಕಿದೆ. ಗುರ್‍ರ್ ಅಂತ ಎದ್ದಿತು! ಗಾಳಿ ಕಿಂಡಿಯೊಳಗೆ ನೀಲಿ ಕಿಡಿ ಸುತ್ತುತ್ತಾ ಇತ್ತು, ಸದ್ದು ಮಧ್ಯೆ ಮಧ್ಯೆ ತಡವರಿಸ್ತಿತ್ತು. ಆದ್ರೂ ಓಡ್ತು. ಮಾವನ ಮುಖ ನೋಡಬೇಕಿತ್ತು ನೀವು.

ಭಾಗ 5

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಅತ್ತೆ. "ನಿಮ್ಮ ಮಾವಂಗೆ ಕರೆಂಟ್ ಹೊಡೀತು."

ದೊಡ್ಡದೇನೂ ಆಗಿರಲಿಲ್ಲ. ಒದ್ದೆ ಹೊಟ್ಟು ಎಳೆದಿದ್ರು, ಬರಿಗಾಲಲ್ಲಿ ನಿಂತು ಡ್ರಮ್ ಸರಿಸೋಕೆ ಕೈ ಇಟ್ಟಿದ್ರು, ಜುಂ ಅಂದಿತು, ಕೈ ಕಿತ್ಕೊಂಡ್ರು. ನಾನು ಶೆಡ್ಡಿಗೆ ಹೋದಾಗ ಮಷೀನ್ ಹೊರಗೆ ಮಳೆ ಬೀಳೋ ಜಾಗದಲ್ಲಿತ್ತು. ಮಾವ ಬೈಯಲಿಲ್ಲ. "ನಂಗೆ ಓದು ಬರಲ್ಲ, ನಿಂಗೆ ಬರುತ್ತೆ ಅಂತ ಮುಟ್ದೆ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ಆ ಹಸಿರು-ಹಳದಿ ವೈರು ಅರ್ಥಿಂಗ್. ಡ್ರಮ್ಮಿನ ಲೋಹಕ್ಕೆ ಕರೆಂಟು ಸೋರಿದ್ರೆ ಮನುಷ್ಯನ ಮೈ ಬದಲು ಆ ವೈರಿನ ಮೂಲಕ ಭೂಮಿಗೆ ಹೋಗಲಿ ಅಂತ ಇರೋದು. ಮುಂಚಿನವನು ಯಾಕೆ ಕತ್ತರಿಸಿದ? ನನ್ನ ಊಹೆ: ಮಷೀನ್ ಒದ್ದೆಯಾದಾಗೆಲ್ಲ ಸೋರಿಕೆ ಹೆಚ್ಚಾಗಿ ಅವನ ಮನೆಯ ಸ್ವಿಚ್ ಟ್ರಿಪ್ ಆಗಿರಬೇಕು. ಅರ್ಥ್ ಕತ್ತರಿಸಿದ, ಟ್ರಿಪ್ ನಿಂತಿತು. ಸೋರಿಕೆ ನಿಲ್ಲಲಿಲ್ಲ, ಅದು ಮೈ ಹುಡುಕ್ಕೊಂಡು ಕಾಯ್ತಾ ಕೂತಿತು. ಅವನನ್ನು ಬೈಯೋ ಹಕ್ಕು ನಂಗಿಲ್ಲ. ಅವನು ಕತ್ತರಿಸಿದ್ದ, ನಾನು ಕಣ್ಣಾರೆ ನೋಡಿ ಮುಚ್ಚಿದ್ದೆ. ಎಲೆಕ್ಟ್ರಿಕಲ್ ಡಿಪ್ಲೊಮಾ, ನಾಲ್ಕನೇ ಸೆಮಿಸ್ಟರ್.

ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ ಬ್ರಿಟಿಷರ ಕಾಲದ್ದು. 1934ರಲ್ಲಿ ಅಲ್ಲಿ ಬಂದ ಬಿಎಸ್ 546 ಅನ್ನೋ ಸ್ಟ್ಯಾಂಡರ್ಡ್. ಅವರು 1947ರಲ್ಲಿ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸ್ ಇರೋ ಹೊಸ ಪ್ಲಗ್ ತಂದು ನಿಧಾನಕ್ಕೆ ಗುಂಡು ಪಿನ್ ಬಿಟ್ರು. ನಾವು ಹಳೇದನ್ನೇ ಉಳಿಸಿಕೊಂಡ್ವಿ. ಅವರ 5 ಮತ್ತು 15 ಆಂಪಿಯರ್ ಪ್ಲಗ್ಗುಗಳೇ ನಮ್ಮ 6 ಮತ್ತು 16. ಮೇಲಿನ ದಪ್ಪ ಪಿನ್ ಯಾಕೆ ಉದ್ದ? ಪ್ಲಗ್ ಹಾಕುವಾಗ ಅರ್ಥ್ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಅಂತ. ಅದನ್ನು ಕತ್ತರಿಸಿ ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸೋರು ನಮ್ಮ ಹಾಸ್ಟೆಲಲ್ಲೇ ನಾಲ್ಕು ಜನ ಇದ್ದೀರಿ. ಹೆಸರು ಹೇಳಲ್ಲ.

ಭಾಗ 6

ಹಸಿರು ವೈರು ಜೋಡಿಸಿದ್ರೆ ಮುಗೀತಾ? ಇಲ್ಲ. ಸೋರಿಕೆ ಎಲ್ಲಿಂದ ಅಂತ ತಿಳೀಬೇಕು. ಮಲ್ಟಿಮೀಟರಿಗೆ ಇದು ಕಾಣಲ್ಲ ಅಂತಾನೇ ಹೇಳಬಹುದು. ಅದು ಪರೀಕ್ಷೆ ಮಾಡೋದು ಕೆಲವೇ ವೋಲ್ಟಿನಲ್ಲಿ. 500 ವೋಲ್ಟ್ ಹಾಕಿ ಇನ್ಸುಲೇಷನ್ನಿನ ಬಣ್ಣ ಬಯಲು ಮಾಡೋ ಯಂತ್ರ ಬೇಕು. ಲ್ಯಾಬಿನಲ್ಲಿ ಸರ್ ಹತ್ರ ನಡೆದಿದ್ದನ್ನು ನಡೆದ ಹಾಗೇ ಹೇಳಿ ಮೆಗ್ಗರ್ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸಹಿ ಹಾಕಿಸ್ಕೊಂಡು ಕೊಟ್ರು.

ಇದರ ಹಿಂದಿರೋನು ಸಿಡ್ನಿ ಎವರ್‌ಶೆಡ್, ಇಂಗ್ಲೆಂಡಿನವನು. 19ನೇ ಶತಮಾನದ ಕೊನೆಗೆ ಮನೆಗಳಿಗೆ ವೈರಿಂಗ್ ಬರ್ತಿದ್ದ ಕಾಲದಲ್ಲಿ, ಹೊತ್ತು ಹೋಗಬಹುದಾದ ಇನ್ಸುಲೇಷನ್ ಪರೀಕ್ಷಕ ಮಾಡಿದ. ಮೆಗ್ಗರ್ ಅನ್ನೋದು ಅವರ ಕಂಪನಿ 1903ರಲ್ಲಿ ನೋಂದಾಯಿಸಿದ ಹೆಸರು. ಈಗ ಯಾವ ಕಂಪನಿಯದಾದ್ರೂ ನಮಗೆ ಅದು ಮೆಗ್ಗರೇ, ಯಾವ ಫೋಟೊಕಾಪಿಯಾದ್ರೂ ಜೆರಾಕ್ಸ್ ಆದ ಹಾಗೆ. ನಮ್ಮ ಲ್ಯಾಬಿನದು ಕೈಯಲ್ಲಿ ಹಿಡಿ ತಿರುಗಿಸೋದು. ನಾಲ್ಕನೇ ಫೋಟೊ.

ಪ್ಲಗ್ ಹೊರಗೆ. ಮಷೀನಿನ ಸ್ವಿಚ್ ಆನ್. ಫೇಸ್, ನ್ಯೂಟ್ರಲ್ ಎರಡೂ ಪಿನ್ ಒಟ್ಟು ಮಾಡಿ ಒಂದು ಕ್ಲಿಪ್. ಡ್ರಮ್ಮಿನ ಬಣ್ಣ ಕೆರೆದ ಜಾಗಕ್ಕೆ ಇನ್ನೊಂದು. ತಿರುಗಿಸಿದೆ. 0.2 ಮೆಗಾ ಓಮ್. ಕನಿಷ್ಠ 1 ಇರಬೇಕು. ಒಂದು ದಿನ ಒಣಗಿದ ಮೇಲಿನ ಲೆಕ್ಕ ಇದು. ಹಿಂದಿನ ಬೆಳಿಗ್ಗೆ ಇನ್ನೂ ಕಡಿಮೆ ಇದ್ದಿರಬೇಕು. 230 ವೋಲ್ಟಿಗೆ 0.2 ಮೆಗಾ ಓಮ್ ಅಂದ್ರೆ ಸುಮಾರು 1 ಮಿಲಿ ಆಂಪಿಯರ್. ಮನುಷ್ಯನಿಗೆ ಜುಂ ಅನ್ನೋಕೆ ಸಾಕು, 100 ವ್ಯಾಟಿನ ಬಲ್ಬಿನ ತಂತಿ ಕೆಂಪಾಗೋಕೂ ಸಾಲದು. ಆವತ್ತು ಬಲ್ಬ್ ಉರೀದೇ ಇದ್ದದ್ದು ಅದಕ್ಕೇ.

ಮೋಟರ್ ಹೊರಗೆ ತೆಗೆದೆ. ಒದ್ದೆ-ಒಣ ಮಷೀನಿನಲ್ಲಿ ಎಳೆದ ಗಾಳಿ ಮೋಟರಿನ ಒಳಗೆ ಹೋಗಲ್ಲ. ಮೋಟರ್ ತಣ್ಣಗಾಗೋಕೆ ಬೇರೆ ಕಿಂಡಿಯಿಂದ ಶೆಡ್ಡಿನ ಗಾಳಿ ಬರುತ್ತೆ. ಆ ಶೆಡ್ಡಿನ ಗಾಳಿ ಅಂದ್ರೆ ಮರದ ಪುಡಿ ತಾನೇ. ವರ್ಷಗಟ್ಟಲೆ ಬಂದ ಪುಡಿ, ಬ್ರಷ್ ಸವೆದು ಉದುರಿದ ಕಾರ್ಬನ್ ಪುಡಿ, ಸ್ವಲ್ಪ ಪಸೆ, ಮೂರೂ ಸೇರಿ ಬ್ರಷ್ ಹೋಲ್ಡರ್‌ನಿಂದ ಮೋಟರಿನ ಲೋಹದ ಚೌಕಟ್ಟಿನವರೆಗೆ ಕಪ್ಪು ಲೇಪ ಆಗಿತ್ತು. ದೋಸೆ ಕಾವಲಿಯ ಅಂಚಿನ ಕರಿ ಹಾಗೆ. ಕಾರ್ಬನ್ನಲ್ಲಿ ಕರೆಂಟು ಹರಿಯುತ್ತೆ, ಪಸೆಯಲ್ಲೂ ಹರಿಯುತ್ತೆ.

ಹಳೇ ಟೂತ್ ಬ್ರಷ್, ಬ್ಲೋಯರ್, ಕಾಂಟ್ಯಾಕ್ಟ್ ಕ್ಲೀನರ್. ಎರಡು ದಿನ ಬಿಸಿಲು. ಮತ್ತೆ ತಿರುಗಿಸಿದಾಗ ಮುಳ್ಳು 50 ಮೆಗಾ ಓಮ್ ದಾಟಿತು. ವೈಂಡಿಂಗ್ ಕೆಟ್ಟಿರಲಿಲ್ಲ, ಕೊಳೆ ಸೋರ್ತಿತ್ತು.

ಭಾಗ 7

ಇನ್ನು ಕಿಡಿ. ಕಾರ್ಬನ್ ಬ್ರಷ್ಷುಗಳನ್ನು ಹೊರಗೆಳೆದೆ: ಒಂದು 7 ಮಿಲಿಮೀಟರ್, ಇನ್ನೊಂದು ಅದಕ್ಕೂ ಮೋಟು. ಸ್ಪ್ರಿಂಗಿಗೆ ಒತ್ತೋ ಬಲ ಇಲ್ಲ, ಕಮ್ಯುಟೇಟರ್ ಮೇಲೆ ಕುಣೀತಿದ್ದವು.

ಇಷ್ಟು ಗಟ್ಟಿ ಕಲ್ಲಿನಂಥ ತುಂಡಿಗೆ 'ಬ್ರಷ್' ಅಂತ ಯಾಕಂತಾರೆ ಅಂತ ಯಾರಾದ್ರೂ ಯೋಚಿಸಿದ್ರಾ? ಮೊದಲು ಅದು ನಿಜವಾಗ್ಲೂ ಬ್ರಷ್ಷೇ. 1832ರಲ್ಲಿ ಪ್ಯಾರಿಸಿನ ಪಿಕ್ಸಿ ಕಮ್ಯುಟೇಟರ್ ಇರೋ ಯಂತ್ರ ಮಾಡಿದ. ಆಮೇಲಿನ ಡೈನಮೊಗಳಲ್ಲಿ ತಿರುಗೋ ತಾಮ್ರಕ್ಕೆ ಒರಗಿಕೊಂಡು ಇರ್ತಿದ್ದಿದ್ದು ತಾಮ್ರದ ತಂತಿಯ ಕುಚ್ಚು. ತಾಮ್ರಕ್ಕೆ ತಾಮ್ರ ಉಜ್ಜಿ ಗೀರು ಬೀಳೋದು, ಕಿಡಿ ಹಾರೋದು. 1885ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಕಾರ್ಬನ್ ತುಂಡು ಹಾಕಿ ಅಂತ ಪೇಟೆಂಟ್ ತಗೊಂಡ. ಕೇಳೋಕೆ ತಲೆಕೆಳಗಿನ ಮಾತು. ತಾಮ್ರಕ್ಕಿಂತ ಕಾರ್ಬನ್ನಿನಲ್ಲಿ ಕರೆಂಟು ಕಷ್ಟಪಟ್ಟು ಹರಿಯುತ್ತೆ. ಆ ಕಷ್ಟವೇ ಲಾಭ. ಬ್ರಷ್ ಒಂದು ಪಟ್ಟಿಯಿಂದ ಮುಂದಿನದಕ್ಕೆ ದಾಟುವಾಗ ಒಂದು ಕಾಯಿಲ್ ಕ್ಷಣಕಾಲ ಶಾರ್ಟ್ ಆಗುತ್ತೆ, ಆಗ ಹರಿಯೋ ಕರೆಂಟನ್ನು ಕಾರ್ಬನ್ ಹಿಡಿದು ನಿಲ್ಲಿಸುತ್ತೆ, ಕಿಡಿ ತಗ್ಗುತ್ತೆ. ತಾಮ್ರದ ಬದಲು ತಾನು ಸವೆಯುತ್ತೆ. 1888ರ ಸುಮಾರಿಗೆ ಅಮೆರಿಕದ ಟ್ರಾಮ್ ಮೋಟರುಗಳಿಗೆ ಕಾರ್ಬನ್ ಬಂದ ಮೇಲೆ ಎಲ್ಲ ಕಡೆ ಅದೇ ಆಯ್ತು. ಹೆಸರು ಮಾತ್ರ ಕುಚ್ಚಿನದೇ ಉಳೀತು.

ಫೋರ್ಬ್ಸ್ ನಯಾಗರಾ ಜಲವಿದ್ಯುತ್ ಕೆಲಸದಲ್ಲೂ ಇದ್ದವನು. ವಯಸ್ಸಾದ ಮೇಲೆ ಹಳ್ಳಿಗಾಡಿನಲ್ಲಿ ಮನೆ ಕಟ್ಕೊಂಡು ಅದಕ್ಕೆ 'ದಿ ಶೆಡ್' ಅಂತ ಹೆಸರಿಟ್ಟ. ದುಡ್ಡು ಉಳಿದಿರಲಿಲ್ಲ. ಮಿಕ್ಸಿ, ಡ್ರಿಲ್, ಗ್ರೈಂಡರ್, ನಿಮ್ಮಮ್ಮನ ಹೊಲಿಗೆ ಯಂತ್ರದ ಮೋಟರ್, ಎಲ್ಲದರೊಳಗೂ ಕೂತಿರೋದು ಅವನ ತುಂಡೇ.

ಹೊಸ ಜೋಡಿ 120 ರೂಪಾಯಿ. ಹಾಕೋ ಮೊದಲು ಕಮ್ಯುಟೇಟರಿನ ಅಕ್ಕಪಕ್ಕದ ಪಟ್ಟಿಗಳ ಮಧ್ಯೆ ಒಂದೊಂದೇ ಓಮ್ ನೋಡ್ತಾ ಸುತ್ತು ಹಾಕಿದೆ. ಎಲ್ಲ ಒಂದೇ ಥರ. ಎಲ್ಲಾದ್ರೂ ಒಂದು ಕಡೆ ಜಾಸ್ತಿ ಬಂದಿದ್ರೆ ಆರ್ಮೇಚರಿನ ಕಾಯಿಲ್ ಕಡಿದಿದೆ ಅಂತ, ಆಗ ನಾನೂ ಗುಜರಿಗೆ ಹಾಕ್ತಿದ್ದೆ. ಪಟ್ಟಿಗಳ ನಡುವಿನ ಗಾಡಿಯಲ್ಲಿ ಸೇರಿದ ಕಾರ್ಬನ್ನನ್ನು ಬಿದಿರಿನ ಕಡ್ಡಿಯಿಂದ ತೆಗೆದೆ. ಕಪ್ಪಾದ ಜಾಗಕ್ಕೆ ನಯವಾದ ಮರಳು ಕಾಗದ. ಎಮರಿ ಬೇಡ, ಅದರ ಕಣ ಗಾಡಿಯಲ್ಲಿ ಕೂತು ಕರೆಂಟು ದಾಟಿಸಬಹುದು. ಚಾಕೊಲೇಟ್ ಬಣ್ಣದ ತೆಳು ಪೊರೆ ಇದ್ರೆ ಅದನ್ನು ಉಜ್ಜಿ ಹೊಳಪು ಮಾಡ್ಬೇಡಿ, ಅದು ಆರೋಗ್ಯದ ಬಣ್ಣ.

ಭಾಗ 8

ಪೂರ್ತಿ ಜೋಡಿಸಿ, ಹಸಿರು-ಹಳದಿ ವೈರಿಗೆ ಹೊಸ ಲಗ್ ಒತ್ತಿ, ಬಣ್ಣ ಕೆರೆದ ಲೋಹಕ್ಕೆ ಸ್ಕ್ರೂ ಬಿಗಿ ಮಾಡಿದೆ. ಪ್ಲಗ್ಗಿನ ದಪ್ಪ ಪಿನ್ನಿನಿಂದ ಡ್ರಮ್ಮಿಗೆ ಬೀಪ್. ಆಮೇಲೆ ಶೆಡ್ಡಿನ ಬೋರ್ಡ್ ಬಿಚ್ಚಿ ನೋಡಿದ್ರೆ ಅಲ್ಲಿನ ಅರ್ಥ್ ಸ್ಕ್ರೂ ಸಡಿಲ! ಮಷೀನಲ್ಲಿ ಎಲ್ಲ ಸರಿಯಿದ್ರೂ ಗೋಡೆಯಲ್ಲಿ ದಾರಿ ಇಲ್ಲ ಅಂದ್ರೆ ಏನೂ ಪ್ರಯೋಜನ ಇಲ್ಲ. ಮೇನ್ ಆಫ್ ಮಾಡಿ ಅದನ್ನೂ ಬಿಗಿ ಮಾಡಿಸಿದ್ದು ಆ ಸೀರೀಸ್ ಬಲ್ಬಿನ ಹಿರಿಯರ ಕೈಲೇ. ಮುಂದಿನ ವಾರ ಅವರೇ ಬಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಕೊಟ್ರು.

ಮಾವ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ನಾನು ಚಪ್ಪಲಿ ಬಿಚ್ಚಿ, ಬರಿಗಾಲಲ್ಲಿ ನಿಂತು, ಓಡ್ತಿರೋ ಡ್ರಮ್ಮಿನ ಮೇಲೆ ಕೈ ಇಟ್ಟುಕೊಂಡು ಟೀ ಕುಡಿದೆ. (ಮೆಗ್ಗರ್, ಅರ್ಥ್, ಆರ್‌ಸಿಸಿಬಿ ಮೂರೂ ನೋಡಿದ ಮೇಲೆ. ನೀವು ರೀಲ್ಸ್‌ಗೋಸ್ಕರ ಮಾಡ್ಬೇಡಿ.) ಅವರು ಪೈಪ್ ತಗೊಂಡು ಬೆಂಚಿನ ಕೆಳಗೆ ಹಾಕಿದ್ರು. ಒಂದು ಮರದ ಚಕ್ಕೆ ಬಾಯಿಗೆ ಸಿಕ್ಕಿ ಪೈಪ್ ಕಟ್ಟಿತು, ಸದ್ದು ಒಮ್ಮೆಲೇ ಏರಿತು. "ಅಯ್ಯೋ, ಮೋಟರಿಗೆ ಜಾಸ್ತಿ ಭಾರ ಬಿತ್ತು" ಅಂತ ಆಫ್ ಮಾಡೋಕೆ ಓಡಿದ್ರು. ವಿಷಯ ಉಲ್ಟಾ. ಗಾಳಿ ಬರೋದು ನಿಂತ್ರೆ ಫ್ಯಾನಿಗೆ ತಳ್ಳೋಕೆ ಏನೂ ಇರಲ್ಲ, ಭಾರ ಇಳಿದು ಮೋಟರ್ ಇನ್ನೂ ಜೋರು ಓಡುತ್ತೆ.

ಅತ್ತೆಗೆ ಈ ಸದ್ದು ಹಳೇ ನೆನಪು ತಂತು. ಅವರ ತವರಿಗೆ ಟೈ ಕಟ್ಟಿಕೊಂಡ ಹುಡುಗ ವ್ಯಾಕ್ಯೂಮ್ ಕ್ಲೀನರ್ ಹೊತ್ತು ಬಂದು, ಹಾಸಿಗೆ ಮೇಲೆ ಓಡಿಸಿ ಎಷ್ಟು ಧೂಳು ಬಂತು ನೋಡಿ ಅಂತ ಎಲ್ಲರ ಮುಂದೆ ಮಾನ ಕಳೆದಿದ್ದನಂತೆ. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಮನೆಮನೆಗೆ ಹೋಗಿ ಮಾರೋ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೆಳೆಸಿತು. ಇಲ್ಲಿನ ಫೋರ್ಬ್ಸ್ ಬೇರೆ, ಬ್ರಷ್ಷಿನ ಫೋರ್ಬ್ಸ್ ಬೇರೆ. ಇದು ನಮ್ಮ ಗೋಕಾಕದ ಗಿರಣಿ ನಡೆಸ್ತಿದ್ದ ಹಳೇ ಮುಂಬೈ ಕಂಪನಿಯ ಹೆಸರು. ತವರಿನವರು ಕೊಳ್ಳಲಿಲ್ಲ. ಹಾಸಿಗೆ ಮಾತ್ರ ಆ ದಿನ ಚೊಕ್ಕ ಆಯ್ತು.

ಒಟ್ಟು ಖರ್ಚು: ಮಷೀನ್ 1,400, ಬ್ರಷ್ 120, ಲಗ್, ಟೇಪ್, ಸ್ಪ್ರೇ ಸೇರಿ 260. ಆರ್‌ಸಿಸಿಬಿ ದುಡ್ಡು ಮಾವ ಕೊಟ್ರು. ಕೆಮ್ಮು ಹೋಗಿಲ್ಲ. ತೀರಾ ನಯವಾದ ಪುಡಿ ಬಟ್ಟೆ ಫಿಲ್ಟರನ್ನು ದಾಟಿ ವಾಪಸ್ ಬರುತ್ತೆ, ಬೂತ್‌ನ ಕರವಸ್ತ್ರದ ಮಿತಿಯೇ ಅದು; ಅದಕ್ಕೆ ಸರಿಯಾದ ಮಾಸ್ಕ್ ತಂದುಕೊಟ್ಟಿದ್ದೀನಿ, ಟವೆಲ್ ಇನ್ನೂ ಕೊರಳಲ್ಲೇ ಇದೆ. ಆದ್ರೆ ಈಗ ಶೆಡ್ಡಿನ ಒಳಗೆ ಎದುರಿಗಿರೋರ ಮುಖ ಕಾಣುತ್ತೆ.

ಕೊನೇ ಫೋಟೊದಲ್ಲಿರೋ ಕೈ ಮಾವನದು. ಪ್ರತಿ ಸಲ ಪ್ಲಗ್ ಹಾಕೋ ಮೊದಲು ಆ ದಪ್ಪ ಪಿನ್ನನ್ನು ಬೆರಳಲ್ಲಿ ಒಮ್ಮೆ ಅಲುಗಾಡಿಸಿ ನೋಡ್ತಾರೆ. ನಾಳೆ ಸರ್‌ಗೆ ಮೆಗ್ಗರ್ ವಾಪಸ್ ಕೊಡಬೇಕು. ಅದಕ್ಕೂ ಮುಂಚೆ ಹಾಸ್ಟೆಲಿನ ಆ ನಾಲ್ಕು ಜನರ ಇಸ್ತ್ರಿ ಪೆಟ್ಟಿಗೆ ತಂದುಕೊಡಿ.

#ಗುಜರಿಪುರಾಣ #ಶೆಡ್ಡಿನಕಥೆ #ಮೂರನೇಪಿನ್